ಹೊಸ ಕರ್ನಲ್ಲಿನ ದರ್ಬಾರು

ಲಿನಕ್ಸನ್ನು ಆಶ್ರಯಿಸಿದವನಿಗೆ ಬಹುಪಾಲು ತಂತ್ರಾಂಶ ಉಚಿತವಾಗಿ ದೊರೆಯುವುದು ನಿಜವಾದರೂ, ಉಬುಂಟುವಿನಲ್ಲಿ ‘ಆಪ್ಟ್ ಅಪ್‌ಗ್ರೇಡ್’ ಎಂಬ ಮಂತ್ರವನ್ನುಚ್ಚರಿಸಿ ಹೊಸ ಕರ್ನಲ್ಲನ್ನು ಬರಮಾಡಿಕೊಂಡ ದಿನ ವೈರಾಗ್ಯವೂ ಉಚಿತವಾಗಿಯೇ ಲಭಿಸುವುದುಂಟು. ಹೊಸ ಅಮಲ್ದಾರರು ಬಂದೊಡನೆ ಹಳೆಯ ಶಾನುಭೋಗರೆಲ್ಲ ಹೊಸದಾಗಿ ಲೆಕ್ಕ ಒಪ್ಪಿಸಬೇಕಾಗುವಂತೆ, ಕರ್ನಲ್ ಬದಲಾದಾಗ ಹೊರಗಿನಿಂದ ತಂದ ವೈ-ಫೈ, ಗ್ರಾಫಿಕ್ಸ್ ಮಾಡ್ಯೂಲುಗಳು ಮರಳಿ ಕಂಪೈಲ್ ಆಗತಕ್ಕದ್ದು. ಏಕೆಂದರೆ ತನ್ನ ಒಳವ್ಯವಹಾರದ ವಿಧಿಗಳು ಸ್ಥಿರವಾಗಿರುವುವೆಂದು ಕರ್ನಲ್ ಯಾರಿಗೂ ಮಾತು ಕೊಟ್ಟಿಲ್ಲ. ಈ ಕೈಂಕರ್ಯಕ್ಕಾಗಿಯೇ ಡೆಲ್ ಕಂಪನಿಯವರು ಡಿಕೆಎಂಎಸ್ ಎಂಬ ಸೇವಕನನ್ನು ನಿರ್ಮಿಸಿದರು.

ಆದರೆ ಹೊಸ ಕರ್ನಲ್ಲಿನ ಹೆಡರ್ ಕಡತಗಳಿಲ್ಲದಿದ್ದರೆ ಆ ಸೇವಕನು ಕೈಚೆಲ್ಲುತ್ತಾನೆ. ಹೆಡರುಗಳನ್ನು ತರಲು ಅಂತರಜಾಲ ಬೇಕು, ಅಂತರಜಾಲಕ್ಕೆ ವೈ-ಫೈ ಬೇಕು, ವೈ-ಫೈಗೆ ಮಾಡ್ಯೂಲು ಬೇಕು, ಮಾಡ್ಯೂಲಿಗೆ ಹೆಡರುಗಳೇ ಬೇಕು! ಅತ್ತ ಪ್ಯಾಕೇಜು ಅರ್ಧಂಬರ್ಧ ಸ್ಥಾಪಿತವಾಗಿ ನಿಂತುಬಿಟ್ಟರೆ, ಅನಂತರ ಚದುರಂಗದ ಆಟವೊಂದನ್ನು ಹಾಕಿಕೊಳ್ಳಹೊರಟರೂ ಅದೇ ಹಳೆಯ ದೂರು ಪರದೆಯ ಮೇಲೆ ಮೊಳಗುತ್ತದೆ. ಕಂಪೈಲ್ ಕೆಟ್ಟಾಗ ಅದರ ದಾಖಲೆಯಾದ ‘ಮೇಕ್.ಲಾಗ್’ ಕಡತವನ್ನು ತೆರೆದವರು ಸಾಮಾನ್ಯವಾಗಿ ಕಟ್ಟಕಡೆಯ ‘ಎರರ್ 2’ ಎಂಬ ಸಾಲನ್ನೇ ದಿಟ್ಟಿಸಿ ನಿಟ್ಟುಸಿರಿಡುವರು. ನಿಜವಾದ ಅಪರಾಧಿಯಾದರೋ ಅದಕ್ಕೂ ಬಹಳ ಮೇಲೆ, ಮೊದಲನೆಯ ‘ಎರರ್’ ಸಾಲಿನಲ್ಲಿ ನಿಶ್ಚಿಂತನಾಗಿ ಕುಳಿತಿರುತ್ತಾನೆ. ಎಲ್ಲವೂ ಸುಸೂತ್ರವಾಗಿ ಕಂಪೈಲ್ ಆದ ಮೇಲೂ, ನೋಂದಾಯಿತ ಕೀಲಿಯ ಸಹಿಯಿಲ್ಲದ ಮಾಡ್ಯೂಲನ್ನು ಸೆಕ್ಯೂರ್ ಬೂಟ್ ಹೊಸ್ತಿಲಲ್ಲಿಯೇ ತಡೆಯಬಲ್ಲದು.

ಇಂತಹ ಆಪತ್ಕಾಲದಲ್ಲಿ ಬುದ್ಧಿವಂತರು ಯಂತ್ರವನ್ನು ಶಪಿಸದೆ, ಗ್ರಬ್ ಪಟ್ಟಿಯಿಂದ ಹಳೆಯ ಕರ್ನಲ್ಲನ್ನೇ ಆರಿಸಿ, ಹೆಡರುಗಳನ್ನು ಇಳಿಸಿಕೊಂಡು, ‘ಡಿಪಿಕೆಜಿ ಕಾನ್ಫಿಗರ್’ ಆಜ್ಞೆಯಿಂದ ಉಳಿದ ಕಾರ್ಯವನ್ನು ಪೂರೈಸುವರು. ಬುದ್ಧಿವಂತರಲ್ಲದವರು ಜಾಗ ಉಳಿಸುವ ಉತ್ಸಾಹದಲ್ಲಿ ಹಳೆಯ ಕರ್ನಲ್ಲನ್ನು ಮೊದಲೇ ಅಳಿಸಿಬಿಟ್ಟಿರುವರು.