ಪೈಪು ಬಗ್ಗಿಸುವ ವಿಚಾರ

ಕಾರಿನ ಪಿಕಪ್ ಹೆಚ್ಚಿಸಲು ಹೊರಟವರು ಏರ್ ಫಿಲ್ಟರ್, ಟೈರು, ಕೊನೆಗೆ ಸ್ಟಿಕ್ಕರಿಗೂ ತಲೆ ಕೆಡಿಸಿಕೊಳ್ಳುತ್ತಾರೆ. ಸೈಲೆನ್ಸರ್ ಪೈಪನ್ನು ಹೇಗೆ ಬಗ್ಗಿಸಿದ್ದಾರೆಂದು ಅಡಿಗೆ ತೂರಿ ನೋಡುವವರು ಕಡಿಮೆ. ಪೈಪು ನೆಟ್ಟಗೇ ಹೋಗುವಂತಿದ್ದರೆ ಚಿಂತೆಯಿರಲಿಲ್ಲ. ಹಿಂದಿನ ಆಕ್ಸಲ್ ದಾಟಬೇಕು, ಡಿಕ್ಕಿಯ ಕೆಳಗೆ ಸುತ್ತಿಕೊಂಡು ಬರಬೇಕು.

ಅಗ್ಗದ ದಾರಿಯೆಂದರೆ ಪ್ರೆಸ್ಸಿನಲ್ಲಿ ಒತ್ತಿ ಬಗ್ಗಿಸುವುದು. ತಿರುವಿನ ಒಳಮಗ್ಗುಲು ಸುಕ್ಕುಗಟ್ಟಿ, ದುಂಡಗಿದ್ದ ಪೈಪು ಅಲ್ಲಿ ಚಪ್ಪಟೆಯಾಗುತ್ತದೆ. ದುಡ್ಡು ಕೊಟ್ಟಿದ್ದು ಎರಡೂವರೆ ಇಂಚಿಗೆ, ಹೊಗೆಗೆ ಸಿಕ್ಕಿದ್ದು ಅದಕ್ಕಿಂತ ಇಕ್ಕಟ್ಟಾದ ಓಣಿ! ಮ್ಯಾಂಡ್ರೆಲ್ ಬೆಂಡಿನಲ್ಲಿ, ಬಗ್ಗಿಸುವಾಗ ಪೈಪಿನೊಳಗೆ ಅದರ ಅಳತೆಗೆ ಸರಿಯಾದ ಆಸರೆ ಇಟ್ಟಿರುತ್ತಾರೆ, ದುಂಡು ಕೆಡುವುದಿಲ್ಲ. ದುಬಾರಿ, ನಿಜ. ಆದರೆ ತಿರುವಿಗೆ ಕೈಯಾಡಿಸಿ ನೋಡಿ (ಎಂಜಿನ್ ಆರಿದ ಮೇಲೆ, ಮಹಾರಾಯರೇ), ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ.

ಇನ್ನು ದಪ್ಪದ ಮೋಹ. "ಮೂರಿಂಚು ಹಾಕ್ಸಿಬಿಡಿ ಸಾರ್, ಗಾಡಿ ಫ್ರೀಯಾಗಿ ಉಸಿರಾಡುತ್ತೆ!" 1.2 ಲೀಟರಿನ ಟರ್ಬೊ ಇಲ್ಲದ ಎಂಜಿನ್ನಿಗೆ ಮೂರಿಂಚಿನ ಪೈಪೆಂದರೆ ಕೂಸಿಗೆ ಅಪ್ಪನ ಪಂಚೆ ಉಡಿಸಿದ ಹಾಗೆ. ಹೊಗೆಯ ವೇಗ ಇಳಿದು, ಸಿಗ್ನಲ್ ಬಿಟ್ಟಾಗ ಇದ್ದ ಎಳೆತವೂ ಸೊರಗುತ್ತದೆ. ಗಾಡಿ ಇಲ್ಲೇ, ಸದ್ದು ಮಾತ್ರ ಮುಂದಿನ ಸರ್ಕಲ್ಲಿನಲ್ಲಿ!

ನನ್ನ ಕೇಳಿದರೆ ಎಂಜಿನ್ನಿಗೆ ತಕ್ಕ ಪೈಪು, ಮ್ಯಾಂಡ್ರೆಲ್ ಬೆಂಡು, ಮರ್ಯಾದಸ್ಥ ಮಫ್ಲರ್ ಸಾಕು. ಅಬ್ಬರದ ಸೈಲೆನ್ಸರುಗಳನ್ನು ಪೊಲೀಸರು ಕಿತ್ತು, ಸಾಲಾಗಿ ಮಲಗಿಸಿ, ರೋಡ್ ರೋಲರ್ ಹತ್ತಿಸಿದ್ದೂ ಉಂಟು. ರೋಲರಿಗೆ ಮ್ಯಾಂಡ್ರೆಲ್ಲೂ ಒಂದೇ, ಪ್ರೆಸ್ಸೂ ಒಂದೇ.