ಟರ್ಬೊ ಬಂತು, ಮೋರಿ ಎಲ್ಲಿ?

ಗಡಹಿಂಗ್ಲಜ್‌ನ ಬಾಳಪ್ಪ ಮಿಸ್ತ್ರಿಯ ಗ್ಯಾರೇಜು ಸಂಕೇಶ್ವರ ರಸ್ತೆಗೆ ಮುಖ ಮಾಡಿ ನಿಂತಿದೆ. ಅಲ್ಲಿ ಗಿರಾಕಿಗಳ ಜೊತೆ ಮರಾಠಿ, ಮನೆಯವರ ಜೊತೆ ಕನ್ನಡ, ಬಿಚ್ಚಲೊಪ್ಪದ ನಟ್ಟಿನ ಜೊತೆ ಎರಡೂ ಭಾಷೆಯ ಆಯ್ದ ಪದಗಳು ನಡೆಯುತ್ತವೆ. ಆವತ್ತು ಇಚಲಕರಂಜಿಯಿಂದ ತಂಗಿಯ ಮಗ ಸಿದ್ದು ಟೆಂಪೊದಲ್ಲಿ ಒಂದು ಎಂಜಿನ್ ಇಳಿಸಿದ. ಕೈಚೀಲದಲ್ಲಿ ಬೇರೆಯಾಗಿ ಒಂದು ಟರ್ಬೊ, ಹೊಸ ಮದುಮಗನಂತೆ ಹೊಳೆಯುತ್ತಿತ್ತು.

ಮಿಸ್ತ್ರಿ ಎಂಜಿನ್ನಿಗೆ ಒಂದು ಸುತ್ತು ಹಾಕಿದರು.

"ಹೆಡ್ ಎಲ್ಲೈತಿ?"

"ಇದಕ್ಕ ಹೆಡ್ ಇರಂಗಿಲ್ಲ ಮಾಮಾ."

"ವಾಲ್ವ್?"

"ಇಲ್ಲ."

"ಪಿಸ್ಟನ್?"

"ಅದೂ ಇಲ್ರಿ."

"ಹಂಗಾದ್ರ ಗುಜರಿಯಾಂವ ಅರ್ಧಾ ಮಾಲು ತಾನ ಇಟ್ಕೊಂಡಾನ."

ಸಿದ್ದು ಎದೆಯುಬ್ಬಿಸಿ ವಿವರಿಸಿದ. ಇದು ಮಾಜ್ದಾದ 13ಬಿ ರೋಟರಿ. ಒಳಗೆ ಮೂರು ಮೂಲೆಯ ಎರಡು ರೋಟರ್, ಒಂದೊಂದಕ್ಕೆ 654 ಸಿಸಿ, ಒಟ್ಟು 1308. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ಅಜ್ಜನ ಕಾಂಟೆಸಾ ಕಾರಿನಲ್ಲಿ ಇದನ್ನು ಕೂರಿಸಿ, ಮೇಲೆ ಟರ್ಬೊ ಹಾಕಿ, ಕೊಲ್ಹಾಪುರದ ಹುಡುಗರ ಕಣ್ಣು ಕುಕ್ಕಬೇಕು ಎಂಬುದು ಅವನ ಯೋಜನೆ.

"ನಗಬ್ಯಾಡ್ರಿ ಮಾಮಾ. ನಮ್ಮೂರಾಗ 1904ರಾಗ ವಿಠ್ಠಲರಾವ್ ದಾತಾರ ಮೊದಲನೇ ಪವರ್‌ಲೂಮ್ ಹಾಕಿದಾಗೂ ಮಂದಿ ನಕ್ಕಿರಬೇಕು."

"ದಾತಾರ ಅವರು ಮಗ್ಗ ತರೂಕಿಂತ ಮೊದಲ ಶೆಡ್ ಕಟ್ಟಿರಬೇಕು. ನೀ ಶೆಡ್ ಬಿಟ್ಟು ಮಗ್ಗ ತಂದಿ."

ಅಷ್ಟರಲ್ಲಿ ಕೊಲ್ಹಾಪುರದ ಉದ್ಯಮನಗರದಿಂದ ಟರ್ನರ್ ಪಾಟೀಲರು ಒಂದು ಫ್ಲೈವ್ಹೀಲ್ ಕೊಡಲು ಬಂದರು. ಎರಕ, ಲೇಥು, ಡೀಸೆಲ್ ಎಂಜಿನ್ನುಗಳ ನಡುವೆಯೇ ಕೂದಲು ಬೆಳ್ಳಗಾದವರು. ಎಂಜಿನ್ ನೋಡಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ರೋಟರಿ ನಮ್ಮ ದೇಶಕ್ಕ ಹೊಸಾದಲ್ಲ ಮಿಸ್ತ್ರೀ. 2009ರ ಏಪ್ರಿಲ್‌ದಾಗ ಕೋಲಾರದ ಹತ್ರ, ಎರಡನೇ ಮಹಾಯುದ್ಧದ ಕಾಲದ ಹಾಳು ರನ್‌ವೇ ಮ್ಯಾಲಿಂದ ನಿಶಾಂತ್ ಅನ್ನೂ ಪೈಲಟ್ ಇಲ್ಲದ ವಿಮಾನ ಹಾರ್ಸಿದ್ರು. ಅದಕ್ಕ ನಮ್ಮವರ ಮಾಡಿದ ವ್ಯಾಂಕೆಲ್, ಅಂದ್ರ ಇಂಥಾ ರೋಟರಿ ಎಂಜಿನ್. ಮೂವತ್ತು ಕೆ.ಜಿ. ತೂಕ, 55 ಎಚ್‌ಪಿ ತಾಕತ್ತು."

"ಯಾರು ಮಾಡಿದ್ರು?"

"ಒಳಗಿನ ಗಾಭಾ ಬೆಂಗಳೂರಿನ ಎನ್‌ಎಎಲ್ ಅನ್ನೂ ವಿಮಾನದ ಪ್ರಯೋಗಶಾಲಿಯವರು. ಸಿಲಿಂಡರಿಗೆ ನಿಕಲ್, ಸಿಲಿಕಾನ್ ಕಾರ್ಬೈಡಿನ ಲೇಪ, ಅಲ್ಯುಮಿನಿಯಂ ಎರಕ, ಎಲ್ಲಾ ಅವರದ. ಇಗ್ನಿಶನ್, ಇಂಧನದ ವ್ಯವಸ್ಥಾ ನಮ್ಮ ಅಹಮದನಗರದ ವಿಆರ್‌ಡಿಇ ಅನ್ನೂ ವಾಹನ ಸಂಶೋಧನಾ ಸಂಸ್ಥೆಯವರದು."

"ನೋಡ್ರಿ! ಕರ್ನಾಟಕ, ಮಹಾರಾಷ್ಟ್ರ ಕೂಡಿ ಒಂದು ಕೆಲಸ ಮಾಡ್ಯಾವು," ಎಂದರು ಮಿಸ್ತ್ರಿ. ಗಡಿಯೂರಿನವರಿಗೆ ಇದು ಎಂಜಿನ್ನಿಗಿಂತ ದೊಡ್ಡ ಸುದ್ದಿ.

"ಅದು 1.8 ಕಿಲೋಮೀಟರ್ ಮ್ಯಾಲ ಏರಿತ್ತು," ಪಾಟೀಲರು ಸಿದ್ದುವಿನ ಕಡೆ ತಿರುಗಿದರು. "ನೀ ಎಷ್ಟು ಏರಾಂವ? ಮೊದಲ ಈ ಟರ್ಬೊ ಎಲ್ಲಿ ಕೂಡಸ್ತಿ, ಹೇಳು."

ನಿಜವಾದ ರಗಳೆ ಇಲ್ಲಿಂದ ಸುರು. 13ಬಿಯ ಒಂದು ಬದಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳು. ಹವಾ ಒಳಗೆ ಹೋಗುವ ದಾರಿ, ಹೊಗೆ ಹೊರಗೆ ಬರುವ ದಾರಿ ಎರಡೂ ಇನ್ನೊಂದು ಬದಿಯಲ್ಲಿ, ಒಂದರ ಮೇಲೊಂದು. ಮೇಲೆ ಇನ್‌ಟೇಕ್, ಕೆಳಗೆ ಹೊಗೆಯ ಬೆಂಡ್ ಪೈಪ್. ಆ ಇಕ್ಕಟ್ಟಿನಲ್ಲೇ ಟರ್ಬೊ ಕೂರಬೇಕು. ಸಾಲದ್ದಕ್ಕೆ ರೋಟರಿಯ ಹೊಗೆ ಪಿಸ್ಟನ್ ಎಂಜಿನ್ನಿನದಕ್ಕಿಂತ ಬಿಸಿ. ವಾಲ್ವ್ ಇಲ್ಲದ್ದರಿಂದ ಪೋರ್ಟು ಒಮ್ಮೆಲೆ ತೆರೆದುಕೊಳ್ಳುತ್ತದೆ, ಉದ್ದನೆಯ ಚಪ್ಪಟೆ ಕೋಣೆಯಲ್ಲಿ ಇನ್ನೂ ಉರಿಯುತ್ತಿರುವುದೇ ಹೊರಗೆ ನುಗ್ಗುತ್ತದೆ. ಹೊಗೆಯ ರಭಸದಿಂದಲೇ ತಿರುಗಿ ಎಂಜಿನ್ನಿಗೆ ಹವಾ ತುಂಬುವ ಟರ್ಬೊಕ್ಕೆ ಇದು ಹಬ್ಬ. ಮಾಜ್ದಾ 1982ರಲ್ಲೇ ಕಾಸ್ಮೊ ಕಾರಿನ 12ಎ ರೋಟರಿಗೆ ಟರ್ಬೊ ಕೂರಿಸಿ ಮಾರಿತು. ಪಕ್ಕದ ರಬ್ಬರ್ ಪೈಪು, ವೈರುಗಳಿಗೆ ಮಾತ್ರ ಆ ಬಿಸಿ ಜಾಗ ಸ್ಮಶಾನ.

"ಸೈಲೆನ್ಸರಿನ ತೆಳು ಪೈಪ್ ಬಗ್ಗಿಸಿ ಬೆಂಡ್ ಮಾಡಿಸ್ತೀನ್ರಿ," ಎಂದ ಸಿದ್ದು.

"ಕಾದು ಕೆಂಪಗಾಗಿ ಸೀಳ್ತೈತಿ," ಎಂದರು ಪಾಟೀಲರು. "ದಪ್ಪ ಸ್ಟೇನ್‌ಲೆಸ್ ಬೇಕು, ಇಲ್ಲಾ ಎರಕ. ಫ್ಲ್ಯಾಂಜ್ ದಪ್ಪಾ ಇರಬೇಕು, ವೆಲ್ಡಿಂಗ್ ಆದ ಮ್ಯಾಲ ಫೇಸ್ ಮಾಡಬೇಕು. ಎರಡು ರೋಟರಿನ ಹೊಗಿ ಟರ್ಬೊದ ಬಾಯಿ ತನಕ ಬ್ಯಾರೆ ಬ್ಯಾರೆ ಬಂದ್ರ ಚಲೋ. ಟರ್ಬೊದ ಭಾರ ಬೆಂಡ್ ಪೈಪಿನ ಮ್ಯಾಲ ಜೋತಬೀಳಬಾರ್ದು, ಕೆಳಗ ಬ್ರ್ಯಾಕೆಟ್ ಕೊಡು."

"ಆಯಿಲ್ ಲೈನ್ ನಾನ ಹಾಕೇನಿ, ನೋಡ್ರಿ ಮಾಮಾ." ಸಿದ್ದು ಮೊಬೈಲಿನಲ್ಲಿ ಫೋಟೊ ತೋರಿಸಿದ. ಟರ್ಬೊದ ಒಳಗೆ ಹೋಗುವ ಪೈಪಿಗೆ ಸ್ಟೀಲ್ ಹೆಣಿಗೆ, ಕೆಂಪು ನೀಲಿ ಫಿಟಿಂಗು. ಹೊರಗೆ ಬರುವ ಪೈಪೂ ಅದೇ ಅಳತೆಯದು, ನಡುವೆ ಒಮ್ಮೆ ಕೆಳಗಿಳಿದು ಮತ್ತೆ ಮೇಲೇರಿತ್ತು.

ಚಹಾ ತಂದ ಮಿಸ್ತ್ರಿಯ ಹೆಂಡತಿ ತಾರವ್ವ ಹಿಂದಿನಿಂದ ಇಣುಕಿದರು. "ಸಿದ್ದು, ಇದು ನಮ್ಮ ಬಚ್ಚಲ ಮೋರಿ ಇದ್ದಂಗ ಐತಲ್ಲೋ. ನಿಮ್ಮ ಮಾಮಾ ಕಟ್ಟಿಸಿದ್ದು. ನಳ ಸಣ್ಣದಿದ್ರ ನಡೀತೈತಿ. ಮೋರಿ ಅಗಲ ಇರಬೇಕು, ಒಂದ ಕಡೆ ಜಾರಬೇಕು. ನಡುವ ಎತ್ತರ ಆದ್ರ ಪಾದ ಮುಳಗತಾವು."

ಮಿಸ್ತ್ರಿ ಚಹಾದ ಕಪ್ಪಿನಲ್ಲಿ ಮುಖ ಮುಚ್ಚಿಕೊಂಡರು.

"ವೈನಿ ಹೇಳಿದ್ದು ನೂರಕ್ಕ ನೂರು ಖರೆ," ಪಾಟೀಲರು ಪ್ಯಾಂಟಿನ ಮೇಲೆ ಬೆರಳಿಂದ ಗೆರೆ ಎಳೆದು ತೋರಿಸಿದರು. "ಒಳಗ ಹೋಗೂ ಆಯಿಲಿಗೆ ಪಂಪಿನ ಒತ್ತಡ ಇರ್ತೈತಿ. ಟರ್ಬೊ ಬೇರಿಂಗ್ ದಾಟಿ ಬರೂವಾಗ ಅದು ಬರೇ ನೊರಿ. ದೂಡಾವ್ರು ಯಾರೂ ಇಲ್ಲ, ತನ್ನ ಭಾರಕ್ಕ ತಾನ ಇಳೀಬೇಕು. ಒಳಗಿನ ಅಗಲ ಅರ್ಧ ಇಂಚಿಗಿಂತ ಹೆಚ್ಚಿರಲಿ. ನೆಟ್ಟಗ ಇಳೀಲಿ. ಆಯಿಲ್ ಚೇಂಬರಿನಾಗ ಆಯಿಲ್ ಮಟ್ಟಕ್ಕಿಂತ ಮ್ಯಾಲ ಹೋಗಿ ಕೂಡ್ಲಿ."

"ಇಲ್ಲಾಂದ್ರ?"

"ಟರ್ಬೊ ತುಂಬಿ, ಸೀಲ್ ದಾಟಿ, ಹೊಗಿ."

"ರೋಟರಿ ಹೆಂಗೂ ಹೊಗಿ ಬಿಡತೈತ್ರಿ ಕಾಕಾ! ಸೀಲಿಗೆ ಅಂತ ಆಯಿಲ್ ತಾನ ಒಳಗ ಬಿಟ್ಟು ಸುಡತೈತಿ."

"ಅದ ತ್ರಾಸು. ಹೊಗಿ ಬಂದ್ರ ಎಂಜಿನ್‌ದೋ ಟರ್ಬೊದ್ದೋ ತಿಳಿಯಂಗಿಲ್ಲ. ನೀ ಆರಾಮ ಇರ್ತಿ, ಟರ್ಬೊ ಸಾಯತೈತಿ."

ಟರ್ಬೊಕ್ಕೆ ನೀರಿನ ಪೈಪೂ ಬೇಕು ಎಂಬುದನ್ನು ಸಿದ್ದು ಮರೆತೇ ಬಿಟ್ಟಿದ್ದ. ಎಂಜಿನ್ ನಿಲ್ಲಿಸಿದ ಮೇಲೂ ಬಿಸಿನೀರು ತಾನಾಗಿ ಮೇಲೇರಿ ಬೇರಿಂಗಿನ ಶಾಖ ಒಯ್ಯುತ್ತದೆ. ಅದಿಲ್ಲದಿದ್ದರೆ ಒಳಗಿನ ಆಯಿಲ್ ಸುಟ್ಟು ಕರಕಲಾಗಿ ಗಟ್ಟಿಯಾಗುತ್ತದೆ. ಇನ್ನು ಟರ್ಬೊದ ಹವಾ ತಣಿಸುವ ಇಂಟರ್‌ಕೂಲರಿನ ಪೈಪಿನ ತುದಿಗೆ ಸುತ್ತಲೂ ಉಬ್ಬು ಎತ್ತಬೇಕು. ನುಣುಪು ತುದಿಗೆ ಹೋಜ್ ಪೈಪ್ ಹಾಕಿ ಎಷ್ಟೇ ಕ್ಲ್ಯಾಂಪ್ ಬಿಗಿದರೂ ಹವಾದ ಒತ್ತಡ ಏರಿದೊಡನೆ ಕಿತ್ತು ಹಾರುತ್ತದೆ.

"ಇದು ಟರ್ಬೊದ 13ಬಿ ಹೌದೋ, ಸಾದಾನೋ?" ಮಿಸ್ತ್ರಿ ಕೇಳಿದರು.

"ಸಾದಾ ರೀ. ಆರ್‌ಎಕ್ಸ್-7ದು, 1986ರ ಮಾಡೆಲ್. ಕಂಪ್ರೆಶನ್ 9.4."

"ಅದ ಕಾರಿನ ಟರ್ಬೊ ಎಂಜಿನ್ನಿಗೆ?"

"8.5." ಸಿದ್ದುವಿನ ದನಿ ಸಣ್ಣಗಾಯಿತು.

"ಕಂಪನಿಯವರು ಹುಚ್ಚರಾಗಿ ಕಮ್ಮಿ ಮಾಡಿಲ್ಲ. ಹವಾ ಹೆಚ್ಚು ತುಂಬಿ ಪೆಟ್ರೋಲ್ ಕಮ್ಮಿ ಬಿತ್ತಂದ್ರ ಒಳಗ ಬಡೀತೈತಿ. ರೋಟರಿನ ಮೂಲಿ ಸೀಲ್ ಆ ಬಡತ ತಡಿಯಂಗಿಲ್ಲ, ಮುರೀತೈತಿ. ಮುರಿದ ತುಂಡು ಎಲ್ಲಿ ಹೋಗತೈತಿ?"

"ಹೊಗಿ ಪೋರ್ಟಿನಾಗ..."

"ಅದರ ಮುಂದ ಯಾರು ಕುಂತಾರ?"

ಸಿದ್ದು ಹೊಳೆಯುವ ಟರ್ಬೊವನ್ನು ಚೀಲದೊಳಗೆ ಇನ್ನಷ್ಟು ಒಳಕ್ಕೆ ತಳ್ಳಿದ.

ಆರ್‌ಟಿಒ ಮಾತು ಎತ್ತಿದವರು ತಾರವ್ವ. ಕಾಂಟೆಸಾದ ಆರ್‌ಸಿ ಪುಸ್ತಕದಲ್ಲಿ 1817 ಸಿಸಿ ಇದೆ.

"1308 ಅಂದ್ರ ಸಿಸಿ ಕಮ್ಮಿ ಆತು ಅತ್ತಿ. ಅವರು ತಾರೀಫ್ ಮಾಡಬೇಕು."

"ಗಾಡಿ ಬದಲಾಯಿಸೂ ಬಗ್ಗೆ ಮೋಟಾರ್ ವಾಹನ ಕಾಯ್ದೆಯ 52ನೇ ಕಲಮು ಓದಿಕೊಂಡು ಬಾ, ಆಮ್ಯಾಲ ತಾರೀಫ್," ಎಂದರು ಮಿಸ್ತ್ರಿ. "ಗಾಡಿಗೆ ಹಾಕೂ ಮಾತು ಬಿಡು. ಆ್ಯಂಗಲ್ಲಿನ ಸ್ಟ್ಯಾಂಡ್ ಮಾಡ್ತೀನಿ, ಇಲ್ಲೇ ಚಾಲೂ ಮಾಡೋಣು. ಮೊದಲ ಟರ್ಬೊ ಇಲ್ಲದ. ಎರಡೂ ರೋಟರಿನ ಆರೂ ಮುಖದ ಕಂಪ್ರೆಶನ್ ನೋಡಿ, ಆಮ್ಯಾಲ ಪೈಪು."

"ಹಂಗಾದ್ರ ಟರ್ಬೊ ಯಾವಾಗ್ರಿ? ಹುಡುಗರಿಗೆ ಇವತ್ತ ಸ್ಟೇಟಸ್ ಹಾಕ್ತೀನಿ ಅಂದೇನಿ."

ಪಾಟೀಲರು ಎದ್ದು, ಚೀಲದಿಂದ ಟರ್ಬೊ ತೆಗೆದು, ಎಂಜಿನ್ನಿನ ನೆತ್ತಿಯ ಮೇಲೆ ಹಾಗೇ ಇಟ್ಟು, ಸುತಳಿಯಿಂದ ಒಂದು ಗಂಟು ಹಾಕಿದರು.

"ತಗೀ ಫೋಟೊ. ಸ್ಟೇಟಸ್ಸಿಗೆ ಮೋರಿ ಬೇಕಾಗಿಲ್ಲ."