ಗಟ್ಟಿಮೇಳಕ್ಕೆ ಹಸಿರು ನಿಶಾನೆ

ಮದುವೆ ಮನೆಯಲ್ಲಿ ಕೈಗೆ ಕೆಲಸವಿಲ್ಲದ ಸೋದರಮಾವನಷ್ಟು ಅಪಾಯದ ಪ್ರಾಣಿ ಇನ್ನೊಂದಿಲ್ಲ. ನಿಮ್ಮ ಬಳಗದಲ್ಲೂ ಅಂಥವನೊಬ್ಬ ಇರುತ್ತಾನೆ. ಇಲ್ಲ ಅಂದರೆ ಅದು ನೀವೇ ಇರಬೇಕು. ಅಡುಗೆಗೆ ಭಟ್ಟರಿದ್ದಾರೆ, ಮಂಟಪಕ್ಕೆ ಡೆಕೋರೇಷನ್‌ನವರಿದ್ದಾರೆ, ಜವಳಿಯ ಹತ್ತಿರ ಹೆಂಗಸರು ಬಿಡುವುದಿಲ್ಲ. ಸೋದರಮಾವನ ಪಾಲಿಗೆ ಉಳಿಯುವುದು ಐಡಿಯಾ ಒಂದೇ. ಸಾಗರದಲ್ಲಿ ಅಕ್ಕನ ಮಗಳ ಮದುವೆ ನಿಶ್ಚಯವಾದಾಗ, ರೈಲ್ವೆಯಿಂದ ನಿವೃತ್ತನಾಗಿ ಸೋಫಾದಲ್ಲಿ ಠಾಣೆ ಹೂಡಿದ್ದ ನಾನು ಎದ್ದು ಕುಳಿತೆ. “ಅಕ್ಕಾ, ಈಗ ಎಲ್ಲರ ಮದುವೆಯೂ ಒಂದೇ ಥರ ಆಗಿಬಿಟ್ಟಿದೆ. ನಮ್ಮದರಲ್ಲಿ ನಮ್ಮತನ ಇರಬೇಕು.”

“ನೀನು ಸುಮ್ಮನೆ ಬಂದು ಉಂಡ್ಕೊಂಡು ಹೋಗೋ ಮಾರಾಯ” ಅಂದಳು ಅಕ್ಕ. ಆ ಮದುವೆಯಲ್ಲಿ ಯಾರಾದರೂ ಆಡಿದ ಕೊನೆಯ ಬುದ್ಧಿಯ ಮಾತು ಅದು.

ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯವಾಗಿ ಮಾಡಿದರು. ಅವರು ಬೇಡದ್ದನ್ನು ತೆಗೆದು ಮದುವೆಯನ್ನು ಹೊಸದು ಮಾಡಿದರು. ನಾನು ಬೇಡದ್ದನ್ನು ಸೇರಿಸಿ ಹೊಸದು ಮಾಡಲು ಹೊರಟೆ.

ಮೊದಲು ಲಗ್ನಪತ್ರಿಕೆ. ಬೀಜ ಸೇರಿಸಿ ಮಾಡಿದ ಕಾಗದ ಸಿಗುತ್ತದೆ, ನಿಮಗೂ ಗೊತ್ತಿರಬಹುದು. ಓದಿ ಮುಗಿಸಿ ಕುಂಡದಲ್ಲಿ ಹೂತರೆ ತುಳಸಿಯೋ ಚೆಂಡುಹೂವೋ ಹುಟ್ಟುತ್ತದೆ. ಪತ್ರಿಕೆಯ ಮೂಲೆಗಳಿಗೆ ಅರಿಸಿನ ಹಚ್ಚುವ ಪದ್ಧತಿ ಉಂಟಲ್ಲ, ಅದಕ್ಕೆ ನಾನು ಅರಿಸಿನವನ್ನು ನೀರಲ್ಲಿ ಧಾರಾಳವಾಗಿ ಕಲಸಿ, ಬಳಿದು, ಕಟ್ಟು ಕಟ್ಟಿ ಅಟ್ಟದ ಮೇಲಿಟ್ಟೆ. ಆಷಾಢ ಕಾಲಿಡುವ ಮೊದಲೇ ಮುಗಿಸಬೇಕೆಂದು ಹಿಡಿದ ಮುಹೂರ್ತ. ಮಲೆನಾಡಿನ ಮಳೆ ಆಗಲೇ ಹಿಡಿದಿತ್ತು. ಡಬ್ಬದೊಳಗಿನ ಉಪ್ಪು ನೀರೊಡೆಯುವ ಆ ಥಂಡಿಯಲ್ಲಿ ಬೀಜ ಸುಮ್ಮನಿರುತ್ತದೆಯೇ? ಕಟ್ಟು ಬಿಚ್ಚಿದರೆ ಪತ್ರಿಕೆಗಳೆಲ್ಲ ಮೊಳೆತು, ಒಂದರ ಬೇರು ಇನ್ನೊಂದಕ್ಕೆ ಹೆಣೆದುಕೊಂಡು, ವಿವಾಹಕ್ಕೆ ಮುಂಚೆಯೇ ಸಂಸಾರ ಹೂಡಿದ್ದವು. ವಧುವಿನ ಹೆಸರಿನ ಮೇಲೆ ಎರಡೆಲೆ, ಮುಹೂರ್ತದ ಗಂಟೆಯ ಮೇಲೆ ದಟ್ಟ ಕಾಡು. ಹೇಗೋ ಬಿಡಿಸಿ ಹಂಚಿದೆವು. ಅರ್ಧ ಜನ ಫೋನ್ ಮಾಡಿ “ಮದುವೆ ಎಷ್ಟು ಹೊತ್ತಿಗೆ?” ಅಂದರು, ಉಳಿದರ್ಧ, “ಇದಕ್ಕೆ ದಿನಾ ನೀರು ಹಾಕಬೇಕಾ?”

ಇಷ್ಟಕ್ಕೆ ನಿಲ್ಲುವವನು ಸೋದರಮಾವ ಹೇಗಾದಾನು! ನಮ್ಮ ಸೀಮೆಯ ಹಸೆ ಚಿತ್ತಾರವನ್ನು ಛತ್ರದ ಬಾಗಿಲಲ್ಲಿ ಪ್ಲೈವುಡ್ ಮೇಲೆ ಖುದ್ದು ಬರೆಯುತ್ತೇನೆಂದೆ. ದೀವರ ಹೆಣ್ಣುಮಕ್ಕಳು ಅಕ್ಕಿಯ ಬಿಳಿ, ಕೆಮ್ಮಣ್ಣಿನ ಕೆಂಪು ಹಿಡಿದು, ಪುಂಡಿನಾರಿನ ಕುಂಚದಲ್ಲಿ ಎಳೆಯುವ ಗೆರೆ ನೋಡಿದ್ದೀರಲ್ಲ? ಸ್ಕೇಲು ಇಲ್ಲ, ಪೆನ್ಸಿಲ್ ಇಲ್ಲ, ಕೂದಲೆಳೆಯಷ್ಟೂ ಅಲುಗದು. ಬಲ್ಲವರನ್ನು ಕರೆಸಿ ಬರೆಸಿದ್ದರೆ ಮಂಟಪಕ್ಕೊಂದು ಕಳೆ ಬರುತ್ತಿತ್ತು. ನನ್ನ ಗೆರೆಗಳೋ, ಹೊರಟಲ್ಲಿಂದ ಹಳಿ ತಪ್ಪಿ ಪಕ್ಕದ ಗೆರೆಗೆ ಡಿಕ್ಕಿ ಹೊಡೆದವು. ವಧೂವರರು ಕುಳಿತ ದಂಡಿಗೆ ಬರೆದೆ. ಮಗುವೊಂದು “ಆಟೋ, ಆಟೋ” ಎಂದು ಕುಣಿಯಿತು. ಮದುವೆಯ ಬೆಳಗ್ಗೆ ಮಳೆಯ ಎರಚಲು ಹೊಡೆದು ದಂಡಿಗೆಯ ಸಮೇತ ಕೆಮ್ಮಣ್ಣು ಮೆಟ್ಟಿಲಿಗೆ ಇಳಿಯಿತು. ಸರಿಯಾಗಿ ಅದೇ ಹೊತ್ತಿಗೆ ಬೀಗರು ಅಚ್ಚಬಿಳಿ ಪಂಚೆಯಲ್ಲಿ ಬಂದಿಳಿದರು. ನಾನು ಅವರ ಕಾಲ ಬಳಿ ಕುಕ್ಕರಿಸಿ, ಜೇಬಿನ ಹಸಿರು ಕರ್ಚೀಫಿನಿಂದ ಪಂಚೆಯ ಅಂಚು ಉಜ್ಜಿದೆ. ಬೊಟ್ಟಿನಷ್ಟಿದ್ದ ಕಲೆ ತಟ್ಟೆಯಗಲ ಆಯಿತು. ಪುಣ್ಯಾತ್ಮರು “ಇರಲಿ ಬಿಡಿ, ಶುಭ ಬಣ್ಣ” ಅಂದರು.

ಆ ಹಸಿರು ಕರ್ಚೀಫು ಜೇಬಿನಲ್ಲಿದ್ದದ್ದೇ ನನ್ನ ಮಹಾ ಐಡಿಯಾದ ಸಲುವಾಗಿ. ಈಗಿನ ಮದುವೆಗಳಲ್ಲಿ ಧಾರೆಯ ಹೊತ್ತಿಗೆ ಪುರೋಹಿತರಿಗೂ ವಾಲಗದವರಿಗೂ ನಡುವೆ ಕ್ಯಾಮೆರಾದವರ ಬೆನ್ನಿನ ಗೋಡೆ ಏಳುತ್ತದೆ. ಪುರೋಹಿತರು ಕೈ ಎತ್ತಿದ್ದು ಯಾರಿಗೆ ಕಾಣಬೇಕು? ಅದಕ್ಕೇ ವಾಲಗದವರಿಗೆ ಹೇಳಿಟ್ಟಿದ್ದೆ: “ನಾನು ಕಂಬದ ಹತ್ತಿರ ನಿಂತಿರುತ್ತೇನೆ. ಹಸಿರು ಕಂಡ ತಕ್ಷಣ ಗಟ್ಟಿಮೇಳ.” ಬದುಕಿಡೀ ರೈಲು ಬಿಟ್ಟವನು, ಒಂದು ಗಟ್ಟಿಮೇಳ ಬಿಡಲಾರೆನೇ?

ಅಂತರಪಟ ಹಿಡಿದಾಗಿತ್ತು. ಅತ್ತ ಹುಡುಗ, ಇತ್ತ ಹುಡುಗಿ, ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಮಂಗಳಾಷ್ಟಕ ನಡೆದಿತ್ತು. ಪಂಚೆಯ ಓಡಾಟದಲ್ಲಿ ಬೆವೆತಿದ್ದ ನಾನು ಅಭ್ಯಾಸಬಲದಿಂದ ಕರ್ಚೀಫು ತೆಗೆದು ಹಣೆ ಒರೆಸಿಕೊಂಡೆ.

ಡೋಲು ಸಿಡಿಯಿತು. ಪುರೋಹಿತರ ಬಾಯಲ್ಲಿ ಆಗಿನ್ನೂ “ಸಾವಧಾನ” ಇತ್ತು. ಇಡೀ ಸಭೆ ಎದ್ದು ನಿಂತು ಅಂತರಪಟದ ಮೇಲೆ ಅಕ್ಷತೆಯ ಮಳೆ ಸುರಿಸಿತು. ನಾನು ಕಂಗಾಲಾಗಿ ಎರಡೂ ಕೈ ಎತ್ತಿ “ನಿಲ್ಲಿಸಿ, ನಿಲ್ಲಿಸಿ” ಎಂದು ಬೀಸಿದೆ. ಕರ್ಚೀಫು ಕೈಯಲ್ಲೇ ಇತ್ತು. ಅಷ್ಟು ಜೋರಾಗಿ ಹಸಿರು ಬೀಸಿದರೆ ಪಾಪ ಅವರೇನು ಮಾಡಿಯಾರು? ನಾದಸ್ವರದವರು ಕೆನ್ನೆ ಉಬ್ಬಿಸಿ ವೇಗ ಏರಿಸಿದರು. ನಾನು ಇನ್ನೂ ಬೀಸಿದೆ. ಅವರು ಇನ್ನೂ ಏರಿಸಿದರು. ಕೊನೆಗೆ ಅಕ್ಕ ಮಂಟಪದಿಂದ ಇಳಿದು ಬಂದು ಕರ್ಚೀಫು ಕಿತ್ತುಕೊಂಡಾಗಲೇ ವಾಲಗ ನಿಂತಿದ್ದು.

ನಿಜವಾದ ಮಾಂಗಲ್ಯಧಾರಣೆಯ ಹೊತ್ತಿಗೆ ಯಾರ ಕೈಯಲ್ಲೂ ಒಂದು ಕಾಳು ಅಕ್ಷತೆ ಇರಲಿಲ್ಲ. ಮುಡಿಯಿಂದ, ಮಡಿಲಿಂದ, ಕುರ್ಚಿಯ ಸಂದಿಯಿಂದ ಜನ ಆರಿಸಿ ಆರಿಸಿ ಹಾಕಿದರು. ವಿಡಿಯೋದಲ್ಲಿ ತಾಳಿ ಕಟ್ಟುವಾಗ ಇಡೀ ಸಭೆ ಬಗ್ಗಿದೆ. ನೆಟ್ಟಗೆ ನಿಂತವನು ನಾನೊಬ್ಬನೇ, ಹಣೆಯ ಮೇಲೆ ಬೀಗರ ಪಂಚೆಯಿಂದ ಬಂದ ಕೆಮ್ಮಣ್ಣು ಬಳಿದುಕೊಂಡು.

ದಂಪತಿ ಸುಖವಾಗಿದ್ದಾರೆ. ಬೀಗರೂ ಮಾತಾಡುತ್ತಾರೆ. ನಿಮ್ಮ ಮನೆಯಲ್ಲಿ ಮದುವೆ ಇದ್ದರೆ ದಯವಿಟ್ಟು ನನ್ನನ್ನೂ ಕರೆಯಿರಿ. ಮೊದಲ ಪಂಕ್ತಿಗೆ ಕುಳಿತು, ಉಂಡು, ತಾಂಬೂಲ ಇಸಕೊಂಡು ಹೊರಡುತ್ತೇನೆ. ಬೇಕಾದರೆ ಬಾಗಿಲಲ್ಲೇ ಜೇಬು ತಪಾಸಣೆ ಮಾಡಿಕೊಳ್ಳಿ.